ಸ್ನೋ ಬೀಳುವ ಹಿಂದಿನ ರಾತ್ರಿಯೇ ಹೇಳಿಬಿಡಿ: ಅಟ್ಲಾಂಟಾದ ಕನ್ನಡಿಗ ಮ್ಯಾನೇಜರ್‌ಗಳಿಗೆ ಒಂದು ಬಹಿರಂಗ ಪತ್ರ

ಆತ್ಮೀಯರೇ,

ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಡನ್‌ವುಡಿ, ಸ್ಯಾಂಡಿ ಸ್ಪ್ರಿಂಗ್ಸ್ ಕಡೆಯ ಆಫೀಸುಗಳಲ್ಲಿ ತಂಡ ನಡೆಸುತ್ತಿರುವ ಕನ್ನಡಿಗರಿಗೆ ಈ ಪತ್ರ. ನಿಮ್ಮ ಕೈಕೆಳಗೆ ಐದು ಜನ ಇರಬಹುದು, ಐವತ್ತು ಜನ ಇರಬಹುದು. ಅವರಲ್ಲಿ ಕೆಲವರಾದರೂ ಇತ್ತೀಚೆಗೆ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬಂದಿಳಿದವರು. ಅವರಿಗೆ ಇದು ಮೊದಲನೇ ಅಥವಾ ಎರಡನೇ ಚಳಿಗಾಲ. ಟಿವಿಯಲ್ಲಿ ಹವಾಮಾನದವರು ಏನೇ ಹೇಳಲಿ, ಬೆಳಿಗ್ಗೆ ಕಾರು ಹೊರಗೆ ತೆಗೆಯಬೇಕೋ ಬೇಡವೋ ಎಂದು ಅವರು ತೀರ್ಮಾನ ಮಾಡುವುದು ನಿಮ್ಮ ಮೆಸೇಜ್ ನೋಡಿ.

ನಾನು ಕೇಳುತ್ತಿರುವುದು ಒಂದೇ. ಸ್ನೋ ಅಥವಾ ಐಸ್ ಬರುತ್ತದೆ ಎಂಬ ಮುನ್ಸೂಚನೆ ಇದ್ದರೆ, ಹಿಂದಿನ ರಾತ್ರಿ ಅವರು ಊಟಕ್ಕೆ ಕೂರುವ ಹೊತ್ತಿಗೆ ನಿಮ್ಮ ತೀರ್ಮಾನ ಅವರ ಫೋನಿಗೆ ತಲುಪಿರಲಿ. ಬೆಳಿಗ್ಗೆ ನೋಡೋಣ ಎನ್ನಬೇಡಿ. ಮಧ್ಯಾಹ್ನ ಬೇಗ ಬಿಡೋಣ ಎಂದಂತೂ ದಯವಿಟ್ಟು ಎನ್ನಬೇಡಿ. ಈ ಊರಿನಲ್ಲಿ ಜನರನ್ನು ರಸ್ತೆಯಲ್ಲಿ ಕೆಡವಿದ್ದು ಆ ‘ಮಧ್ಯಾಹ್ನ ಬೇಗ’ ಬಿಟ್ಟ ನಿರ್ಧಾರವೇ.

2014ರ ಜನವರಿ 28ರಂದು ಇಲ್ಲಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆದರೆ ನಿಮ್ಮಲ್ಲಿ ಬಹಳಷ್ಟು ಜನ ಆಮೇಲೆ ಬಂದವರು. ನ್ಯೂಜೆರ್ಸಿಯಿಂದ, ಶಿಕಾಗೋದಿಂದ ಬಂದವರೂ ಇದ್ದೀರಿ. ಆದ್ದರಿಂದ ಆ ಮಂಗಳವಾರ ಏನಾಯಿತು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸೋಮವಾರದ ಮುನ್ಸೂಚನೆಯಲ್ಲಿ ಹೆಚ್ಚಿನ ಹಿಮ ಅಟ್ಲಾಂಟಾದ ದಕ್ಷಿಣಕ್ಕೆ ಬೀಳಬಹುದು ಎಂದಿತ್ತು. ಮಂಗಳವಾರ ಬೆಳಗಿನ ಜಾವ 3:38ಕ್ಕೆ ನ್ಯಾಷನಲ್ ವೆದರ್ ಸರ್ವಿಸ್ ಎಚ್ಚರಿಕೆಯ ಮಟ್ಟ ಏರಿಸಿತು. ಅಟ್ಲಾಂಟಾ ಪೂರ್ತಿ ವಿಂಟರ್ ಸ್ಟಾರ್ಮ್ ವಾರ್ನಿಂಗ್ ಒಳಗೆ ಬಂತು. ಆದರೆ ಅಷ್ಟು ಹೊತ್ತಿಗೆ ಊರು ಮಲಗಿತ್ತು. ಎದ್ದ ಮೇಲೆ ಎಂದಿನಂತೆ ಮಕ್ಕಳು ಶಾಲೆಗೆ ಹೋದರು, ದೊಡ್ಡವರು ಆಫೀಸಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಸ್ನೋ ಶುರುವಾಯಿತು. ಕಿಟಕಿಯಾಚೆ ಬಿಳಿ ಕಂಡಿದ್ದೇ ತಡ, ಶಾಲೆಗಳು, ಸರ್ಕಾರಿ ಕಚೇರಿಗಳು, ಕಂಪನಿಗಳು ಎಲ್ಲವೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಬಾಗಿಲು ಹಾಕಿದವು. ಸುತ್ತಮುತ್ತಲ ಊರುಗಳೆಲ್ಲ ಸೇರಿ 50 ಲಕ್ಷಕ್ಕೂ ಜಾಸ್ತಿ ಜನ ಇರುವ ಪ್ರದೇಶ ಇದು. ಬೇರೆ ದಿನ ಸಂಜೆ ಮೂರರಿಂದ ಏಳರವರೆಗೆ ಹಂಚಿಹೋಗುವ ಟ್ರಾಫಿಕ್ ಆವತ್ತು ಒಂದೆರಡು ಗಂಟೆಯೊಳಗೆ ರಸ್ತೆಗೆ ಬಂದುಬಿಟ್ಟಿತು.

ವಿಮಾನ ನಿಲ್ದಾಣದಲ್ಲಿ ಅಳತೆ ಮಾಡಿದಾಗ ಬಿದ್ದಿದ್ದ ಹಿಮ 2.6 ಇಂಚು. ಶಿಕಾಗೋದಂಥ ಉತ್ತರದ ಊರುಗಳಲ್ಲಿ ಶಾಲೆಗೂ ರಜೆ ಕೊಡದಷ್ಟು. ಆವತ್ತು ದೇಶವೆಲ್ಲ ಅಟ್ಲಾಂಟಾ ನೋಡಿ ನಕ್ಕಿತು. ಎರಡಿಂಚಿಗೆ ಇಷ್ಟೊಂದಾ ಎಂದು ಶಿಕಾಗೋದ ನನ್ನ ಗೆಳೆಯರೂ ಕೇಳಿದರು. ಅವರ ಮೇಲೆ ಕೋಪವಿಲ್ಲ. ಆದರೆ ಅಲ್ಲಿಂದ ಬಂದು ಇಲ್ಲಿ ಮ್ಯಾನೇಜರ್ ಆಗಿರುವವರು ಇದೊಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಯಾಕೆಂದರೆ ಅಲ್ಲಿನ ಅನುಭವವೇ ಇಲ್ಲಿ ದಾರಿ ತಪ್ಪಿಸುತ್ತದೆ.

ಅಲ್ಲಿ ಚಳಿ ಮೊದಲೇ ನೆಲದೊಳಗೆ ಇಳಿದಿರುತ್ತದೆ. ಬೀಳುವ ಸ್ನೋ ಒಣಗಿದ ಹಿಟ್ಟಿನ ಹಾಗೆ ಇರುತ್ತದೆ, ಗುಡಿಸಿ ಬದಿಗೆ ತಳ್ಳಬಹುದು. ಉಪ್ಪು ಚೆಲ್ಲುವ ಲಾರಿಗಳು, ಹಿಮ ತಳ್ಳುವ ವಾಹನಗಳು ಸಾಲುಸಾಲಾಗಿ ತಯಾರಿರುತ್ತವೆ. ಇಲ್ಲಿನ ರಸ್ತೆ ಬೆಳಿಗ್ಗೆಯವರೆಗೂ ಬೆಚ್ಚಗಿರುತ್ತದೆ. ಮೊದಲು ಬಿದ್ದ ಹಿಮ ಕರಗಿ ನೀರಾಗುತ್ತದೆ. ಸಾವಿರಾರು ಕಾರುಗಳ ಚಕ್ರ ಅದನ್ನು ಒತ್ತಿ ನುಣುಪು ಮಾಡುತ್ತದೆ. ಅಷ್ಟರಲ್ಲಿ ತಾಪಮಾನ ಸೊನ್ನೆ ಡಿಗ್ರಿ ದಾಟಿ ಕೆಳಗಿಳಿದರೆ ಆ ನೀರೆಲ್ಲ ಗಾಜಿನಂಥ ಐಸ್ ಆಗುತ್ತದೆ. ಡಾಂಬರಿನ ಬಣ್ಣವೇ ಕಾಣುವುದರಿಂದ ಅದು ಕಣ್ಣಿಗೂ ಬೀಳುವುದಿಲ್ಲ. ಬ್ಲ್ಯಾಕ್ ಐಸ್ ಎನ್ನುವುದು ಇದಕ್ಕೇ. ಅಟ್ಲಾಂಟಾ ಚಪ್ಪಟೆ ಊರೂ ಅಲ್ಲ. ಪ್ರತಿ ಎಕ್ಸಿಟ್ ಒಂದು ಏರು, ಪ್ರತಿ ಬಡಾವಣೆಯ ರಸ್ತೆ ಒಂದು ಇಳಿಜಾರು. ಐಸಿನ ಮೇಲೆ ನಾಲ್ಕು ಚಕ್ರದ ಎಳೆತ ಇರುವ ದೊಡ್ಡ ಗಾಡಿಯೂ ನಿಲ್ಲುವುದಿಲ್ಲ. ಶಿಕಾಗೋದಲ್ಲಿ ಇಪ್ಪತ್ತು ವರ್ಷ ಓಡಿಸಿದವರ ಕೈಚಳಕವೂ ನಡೆಯುವುದಿಲ್ಲ.

ಉಪ್ಪಿನ ಲಾರಿಗಳು ಆವತ್ತು ಇರಲಿಲ್ಲ ಎಂದಲ್ಲ. ಇದ್ದವು. ಅವು ಕೂಡ ಅದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವು. ಊರನ್ನು ಸುತ್ತುವರಿದ ಐ-285 ಹೈವೇಯಲ್ಲಿ ಹದಿನೆಂಟು ಚಕ್ರದ ಟ್ರಕ್ಕುಗಳು ಅಡ್ಡಡ್ಡ ತಿರುಗಿ ನಿಂತವು. ಒಂದು ಟ್ರಕ್ ಅಡ್ಡ ನಿಂತರೆ ಅದರ ಹಿಂದೆ ಮೈಲಿಗಟ್ಟಲೆ ಕಾರು ನಿಂತಂತೆಯೇ. ಎತ್ತುವ ಕ್ರೇನ್ ಬರಲು ದಾರಿ ಇಲ್ಲ. ಉಪ್ಪು ಹಾಕಲು ಜಾಗ ಇಲ್ಲ. ನಿಂತ ಕಾರುಗಳ ಅಡಿಯಲ್ಲೇ ರಸ್ತೆ ಹೆಪ್ಪುಗಟ್ಟುತ್ತಾ ಹೋಯಿತು.

ನಾನು ಆಗ ಊರಿನ ಉತ್ತರ ಭಾಗದ ಪೆರಿಮೀಟರ್ ಬಳಿಯ ಒಂದು ಆಫೀಸಿನಲ್ಲಿದ್ದೆ. ಹೆಸರು ಬೇಡ, ಹೆಸರಿನಿಂದ ಈಗ ಪ್ರಯೋಜನವೂ ಇಲ್ಲ. ಬೆಳಿಗ್ಗೆಯೇ ತಂಡದಲ್ಲಿ ಕೆಲವರು ಮನೆಯಿಂದ ಕೆಲಸ ಮಾಡಬಹುದೇ ಎಂದು ಕೇಳಿದ್ದರು. ಎಲ್ಲರ ಹತ್ತಿರವೂ ಲ್ಯಾಪ್‌ಟಾಪ್ ಇತ್ತು. ‘ಬಿದ್ದ ಮೇಲೆ ನೋಡೋಣ’ ಎಂಬ ಉತ್ತರ ಬಂತು. ಬಿದ್ದ ಮೇಲೆ ‘ಕೈಲಿರುವುದು ಮುಗಿಸಿ ಹೊರಡಿ’ ಎಂದರು. ಉತ್ತರಕ್ಕೆ ಹೋಗುವ ಜಿಎ-400 ಹೈವೇ ಹತ್ತುವ ಹೊತ್ತಿಗೆ ಅದು ರಸ್ತೆಯಾಗಿ ಉಳಿದಿರಲಿಲ್ಲ, ದೊಡ್ಡ ಪಾರ್ಕಿಂಗ್ ಲಾಟ್ ಆಗಿತ್ತು. ಆಲ್ಫರೆಟ್ಟಾಗೆ ಮಾಮೂಲಿ ದಿನ ಅರ್ಧ ಗಂಟೆಯ ದಾರಿ. ಚಟಹೂಚಿ ನದಿ ದಾಟುವಾಗಲೇ ಪೂರ್ತಿ ಕತ್ತಲಾಗಿತ್ತು. ಹೋಲ್ಕಂಬ್ ಬ್ರಿಡ್ಜ್ ಎಕ್ಸಿಟ್ ಹತ್ತಿರ ಜನ ಕಾರು ಬಿಟ್ಟು ನಡೆಯುತ್ತಿದ್ದರು. ಆಫೀಸಿನ ತೆಳುವಾದ ಶೂಗಳಲ್ಲಿ, ತಲೆಗೆ ಕಂಪ್ಯೂಟರ್ ಬ್ಯಾಗ್ ಹಿಡಿದುಕೊಂಡು. ಪಕ್ಕದ ಕಾರಿನಲ್ಲಿ ಒಬ್ಬ ಹುಡುಗ ಇದ್ದ. ಜಾಕೆಟ್ ಕೂಡ ಇರಲಿಲ್ಲ. ಪೆಟ್ರೋಲ್ ಮುಗಿಯುತ್ತದೆಂದು ಇಂಜಿನ್ ಆರಿಸುತ್ತಿದ್ದ, ಚಳಿ ತಡೆಯದೆ ಮತ್ತೆ ಹಚ್ಚುತ್ತಿದ್ದ. ನಮ್ಮ ಕಾರಿಗೆ ಕರೆದು ಕೂರಿಸಿಕೊಂಡೆವು. ಆಮೇಲೆ ಮಾತಾಡಿದರೆ ತುಮಕೂರಿನವನು. ಅಮ್ಮನಿಗೆ ಫೋನ್ ಮಾಡಿ ‘ಆಫೀಸಲ್ಲೇ ಇದೀನಿ, ಊಟ ಆಯ್ತು’ ಎಂದು ಹೇಳಿದ. ನಾವು ಮನೆ ಮುಟ್ಟುವಾಗ ಬೆಳಗಾಗಿತ್ತು.

ನನ್ನದು ದೊಡ್ಡ ಕಷ್ಟವಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಹೆಂಡತಿ ಬಾಣಂತಿ. ಬಾಣಂತನ ಮಾಡಲು ಊರಿನಿಂದ ಅತ್ತೆ ಬಂದಿದ್ದರು. ಅತ್ತೆಗೆ ಇಂಗ್ಲಿಷ್ ಬಾರದು, ಕಾರು ಬಾರದು, ಹೊರಗೆ ಬಿಳಿ ಬಿಟ್ಟರೆ ಏನೂ ಕಾಣದು. ಮಗುವಿಗೆ ಜ್ವರ ಇತ್ತು. ಅಳಿಯ ರಾತ್ರಿಯೆಲ್ಲ ಹೈವೇ ಮೇಲೆ ಕೂತು, ಫೋನಿನ ಚಾರ್ಜ್ ಉಳಿಸಿಕೊಂಡು, ಗಂಟೆಗೊಮ್ಮೆ ಮನೆಗೆ ಕರೆ ಮಾಡುತ್ತಿದ್ದರು. ಮಗು ಹುಷಾರಾಯಿತು. ಆದರೆ ಆ ರಾತ್ರಿಯ ಮಾತು ಬಂದರೆ ಆ ಹೆಣ್ಣುಮಗಳು ಇವತ್ತಿಗೂ ಸುಮ್ಮನಾಗುತ್ತಾರೆ. ಅವರ ಗಂಡ ಆವತ್ತು ಆಫೀಸಿನಲ್ಲಿ ಮಾಡಿದ ಕೆಲಸ ಒಂದು ಸ್ಪ್ರೆಡ್‌ಶೀಟ್ ಪರಿಶೀಲನೆ. ಮನೆಯ ಊಟದ ಮೇಜಿನ ಮೇಲೂ ಮಾಡಬಹುದಾಗಿತ್ತು, ಅಲ್ವಾ?

ಮಕ್ಕಳ ವಿಷಯ ಇನ್ನೂ ಕಠಿಣ. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಆ ರಾತ್ರಿ ಮನೆ ಸೇರಲಿಲ್ಲ. ಶಾಲೆಯ ಜಿಮ್ಮಿನ ನೆಲದ ಮೇಲೆ, ಲೈಬ್ರರಿಯಲ್ಲಿ ಮಲಗಿದರು. ಕೆಲವರು ಹಳದಿ ಬಸ್ಸುಗಳಲ್ಲೇ ಸಿಕ್ಕಿಕೊಂಡರು. ಅವರನ್ನು ಕರೆತರಲು ನ್ಯಾಷನಲ್ ಗಾರ್ಡ್ ಸೈನಿಕರು ಹೋಗಬೇಕಾಯಿತು. ಮಕ್ಕಳ ಜೊತೆ ಉಳಿದ ಟೀಚರ್‌ಗಳನ್ನು, ಅಡುಗೆಮನೆ ತೆರೆದು ಏನಿದೆಯೋ ಅದನ್ನು ಬಿಸಿ ಮಾಡಿ ಕೊಟ್ಟ ಕ್ಯಾಂಟೀನಿನವರನ್ನು ನಾನು ಮರೆಯಲಾರೆ. ಅವರಿಗೂ ಮನೆಯಲ್ಲಿ ಮಕ್ಕಳಿದ್ದರು.

ಒಳ್ಳೆಯದೂ ಬಹಳ ನಡೆಯಿತು. ಹೋಮ್ ಡಿಪೋ ತನ್ನ ಅಂಗಡಿಗಳನ್ನು ರಾತ್ರಿಯಿಡೀ ತೆರೆದಿಟ್ಟು ಸಿಕ್ಕಿಕೊಂಡವರಿಗೆ ಮಲಗಲು ಜಾಗ ಕೊಟ್ಟಿತು. ಔಷಧಿ ಅಂಗಡಿ, ಕಿರಾಣಿ ಅಂಗಡಿಗಳ ಸಾಲುಗಳ ಮಧ್ಯೆ ಜನ ಕೋಟು ಹಾಸಿ ಮಲಗಿದರು. ಹೈವೇ ಪಕ್ಕದ ಬಡಾವಣೆಯವರು ಕತ್ತಲಲ್ಲೇ ನೀರು, ಬಿಸ್ಕೆಟ್, ಬಿಸಿ ಕಾಫಿ ಹಿಡಿದುಕೊಂಡು ಬಂದರು. ಐ-285ರಲ್ಲಿ ನಿಂತ ಕಾರಿನೊಳಗೆ ಒಂದು ಹೆಣ್ಣುಮಗು ಹುಟ್ಟಿತು, ಪೊಲೀಸ್ ಅಧಿಕಾರಿಯೊಬ್ಬರು ನೆರವಾದರು. ಅದೇ ಬಿರುಗಾಳಿ ಅಲಬಾಮಾದ ಬರ್ಮಿಂಗ್‌ಹ್ಯಾಮಿಗೂ ಹೊಡೆದಿತ್ತು. ಅಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ಡಾಕ್ಟರೊಬ್ಬರು ರೋಗಿಯನ್ನು ಉಳಿಸಲು ಸುಮಾರು 6 ಮೈಲಿ ಹಿಮದಲ್ಲಿ ನಡೆದುಕೊಂಡೇ ಇನ್ನೊಂದು ಆಸ್ಪತ್ರೆ ತಲುಪಿದರು. ಆ ರಾತ್ರಿ ಈ ನಾಡಿನ ಜನರ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಜನರ ಒಳ್ಳೆಯತನವನ್ನು ನೆಚ್ಚಿಕೊಂಡು ಮತ್ತೆ ಅದೇ ಪರಿಸ್ಥಿತಿಗೆ ಜನರನ್ನು ತಳ್ಳುವುದು ಸರಿಯಲ್ಲ.

ಇದು ಒಮ್ಮೆ ಆದ ಆಕಸ್ಮಿಕವೂ ಅಲ್ಲ. 1982ರ ಜನವರಿ 12ರಂದು ಅಟ್ಲಾಂಟಾದಲ್ಲಿ ಇದೇ ಆಗಿತ್ತು. ಅವತ್ತೂ ಮಂಗಳವಾರ. ಜನ ಕೆಲಸದಲ್ಲಿದ್ದಾಗ ಮಧ್ಯಾಹ್ನ ಸ್ನೋ ಶುರುವಾಯಿತು, ಎಲ್ಲರೂ ಒಟ್ಟಿಗೆ ಹೊರಟರು, ಕಾರು ಬಿಟ್ಟು ನಡೆದರು. ಇಲ್ಲಿನ ಹಳಬರು ಅದನ್ನು ‘ಸ್ನೋ ಜ್ಯಾಮ್’ ಎಂದೇ ಕರೆಯುತ್ತಾರೆ. 2005ರ ಜನವರಿ 19ರಂದು ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ ಸುಮಾರು ಒಂದೇ ಇಂಚು ಬಿತ್ತು. ಅಲ್ಲೂ ಎಲ್ಲರನ್ನೂ ಒಟ್ಟಿಗೆ ಬಿಟ್ಟರು. ಸಾವಿರಾರು ಮಕ್ಕಳು ಶಾಲೆಯಲ್ಲೇ ರಾತ್ರಿ ಕಳೆದರು. ರಾಲಿ, ಕ್ಯಾರಿ ಕಡೆಯೂ ನಮ್ಮವರು ಎಷ್ಟು ಜನ ಇದ್ದಾರೆ ಎಂದು ನಿಮಗೆ ಗೊತ್ತೇ ಇದೆ. ಬಿದ್ದ ಹಿಮ ಒಂದು ಕಡೆ ಒಂದಿಂಚು, ಇನ್ನೊಂದು ಕಡೆ ಎರಡೂವರೆ. ಎಲ್ಲ ಕಡೆಯೂ ಸಮಾನವಾಗಿದ್ದದ್ದು ಗಡಿಯಾರ: ಎಲ್ಲರೂ ಒಂದೇ ಹೊತ್ತಿಗೆ ರಸ್ತೆಗೆ ಇಳಿದದ್ದು.

ಇನ್ನೊಂದು ಸಂಗತಿ ಹೇಳುತ್ತೇನೆ, ಇದರ ಮೇಲೆಯೇ ನನ್ನ ಇಡೀ ಮಾತು ನಿಂತಿದೆ. ಅಟ್ಲಾಂಟಾದ ಆ ರಾತ್ರಿ ಕಳೆದು ಎರಡೇ ವಾರಕ್ಕೆ, 2014ರ ಫೆಬ್ರವರಿ 11ರಿಂದ 13ರವರೆಗೆ, ಇನ್ನೊಂದು ಬಿರುಗಾಳಿ ಬಂತು. ಇದು ಮೊದಲಿನದಕ್ಕಿಂತ ಕೆಟ್ಟದು. ಐಸ್ ಮಳೆ ಬಂದು ಮರಗಳು ಮುರಿದು ಬಿದ್ದವು. ಜಾರ್ಜಿಯಾದಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು. ಆದರೆ ಅಟ್ಲಾಂಟಾದ ಹೈವೇಗಳು ಖಾಲಿ ಇದ್ದವು. ಗವರ್ನರ್ ನೇಥನ್ ಡೀಲ್ ಬಿರುಗಾಳಿಗೆ ಮೊದಲೇ ತುರ್ತು ಪರಿಸ್ಥಿತಿ ಘೋಷಿಸಿದ್ದರು. ಶಾಲೆಗಳು ಮೊದಲೇ ರಜೆ ಕೊಟ್ಟಿದ್ದವು. ಜನ ಮನೆಯಲ್ಲಿದ್ದರು. ಊರು ಅದೇ, ಲಾರಿಗಳು ಹೆಚ್ಚುಕಡಿಮೆ ಅಷ್ಟೇ, ಓಡಿಸುವವರೂ ನಾವೇ. ಅದೇ ಫೆಬ್ರವರಿ 12ರಂದು ರಾಲಿಯಲ್ಲಿ ಮಧ್ಯಾಹ್ನ ಸ್ನೋ ಶುರುವಾದ ಮೇಲೆ ಜನ ಆಫೀಸು ಬಿಟ್ಟು ಹೊರಟರು, ಅಲ್ಲಿ ರಸ್ತೆಗಳು ಕಟ್ಟಿಕೊಂಡವು. ಏರಿನಲ್ಲಿ ಕಾರೊಂದು ಹತ್ತಿ ಉರಿಯುತ್ತಿರುವ ಆ ಫೋಟೋ ನೀವೂ ನೋಡಿರಬಹುದು. ಒಂದೇ ವಾರ, ಒಂದೇ ಬಿರುಗಾಳಿ, ಎರಡು ಊರು. ಹಿಂದಿನ ದಿನವೇ ತೀರ್ಮಾನ ಮಾಡಿದವರು ಮನೆಯಲ್ಲಿ ಬೆಚ್ಚಗಿದ್ದರು.

ಸರ್ಕಾರ ಪಾಠ ಕಲಿತಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬುತ್ತೇನೆ. ಡೀಲ್ ಆಗ ಹೊಣೆ ನನ್ನದೇ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಎಲ್ಲರನ್ನೂ ಒಟ್ಟಿಗೆ ಬಿಟ್ಟಿದ್ದು ತಪ್ಪಾಯಿತು, ಮೊದಲು ಶಾಲೆ, ನಂತರ ಕಂಪನಿಗಳು, ಕೊನೆಗೆ ಸರ್ಕಾರಿ ಕಚೇರಿ ಎಂದು ಹಂತಹಂತವಾಗಿ ಬಿಡಬೇಕಿತ್ತು ಎಂದು ಮೇಯರ್ ಕಾಸಿಮ್ ರೀಡ್ ಹೇಳಿದರು. 2025ರ ಜನವರಿ 10ರ ಶುಕ್ರವಾರ ಅಟ್ಲಾಂಟಾದಲ್ಲಿ ಮತ್ತೆ ಸುಮಾರು 2 ಇಂಚು ಸ್ನೋ ಬಿತ್ತು. ಹಿಂದಿನ ದಿನವೇ ಗವರ್ನರ್ ಬ್ರಯಾನ್ ಕೆಂಪ್ ತುರ್ತು ಪರಿಸ್ಥಿತಿ ಘೋಷಿಸಿದ್ದರು. ಶಾಲೆಗಳು ಮುಚ್ಚಿದ್ದವು, ಇಲ್ಲವೇ ಆನ್‌ಲೈನ್ ಪಾಠಕ್ಕೆ ಹೋಗಿದ್ದವು. ವಿಮಾನ ಪ್ರಯಾಣಿಕರಿಗೆ ತೊಂದರೆಯಾಯಿತು, ನಿಜ. ಆದರೆ 2014ರ ಆ ರಾತ್ರಿ ಮರುಕಳಿಸಲಿಲ್ಲ. ಮಕ್ಕಳು ಅಂಗಳದಲ್ಲಿ ಸ್ನೋಮ್ಯಾನ್ ಮಾಡಿದರು.

ಆದರೆ ಸರ್ಕಾರ ಮುಚ್ಚಿಸಬಹುದಾದದ್ದು ತನ್ನ ಕಚೇರಿಗಳನ್ನು. ಶಾಲೆಗಳ ತೀರ್ಮಾನ ಶಾಲಾ ಮಂಡಳಿಗಳದ್ದು. ಹಿಮದ ದಿನ ಖಾಸಗಿ ಆಫೀಸಿಗೆ ಅವರು ಸಾಮಾನ್ಯವಾಗಿ ಕೊಡುವುದು ಸಲಹೆ, ಅಷ್ಟೇ. ಅಲ್ಲಿ ಮಾತು ನಿಮ್ಮ ಕೈಗೆ ಬಂದು ನಿಲ್ಲುತ್ತದೆ. ಇಲ್ಲಿ ಬದಲಿ ದಾರಿಯೂ ಇಲ್ಲ. ಇಲ್ಲಿನ ನಗರ ಸಾರಿಗೆಯಾದ ಮಾರ್ಟಾದ ರೈಲು ಉತ್ತರಕ್ಕೆ ನಾರ್ತ್ ಸ್ಪ್ರಿಂಗ್ಸ್‌ವರೆಗೆ ಬಂದು ನಿಂತುಬಿಡುತ್ತದೆ. ಆಲ್ಫರೆಟ್ಟಾಗೂ ಜಾನ್ಸ್ ಕ್ರೀಕ್‌ಗೂ ರೈಲಿಲ್ಲ. ಪಕ್ಕದ ಗ್ವಿನೆಟ್ ಕೌಂಟಿಯ ಮತದಾರರು ಸಾರ್ವಜನಿಕ ಸಾರಿಗೆಯ ವಿಸ್ತರಣೆಯನ್ನು 1971ರಲ್ಲಿ, 1990ರಲ್ಲಿ, 2019ರಲ್ಲಿ, 2020ರಲ್ಲಿ ಬೇಡ ಎಂದರು. ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಸದ್ಯಕ್ಕೆ ನಮ್ಮ ಜನರಿಗೆ ಕಾರು ಬಿಟ್ಟರೆ ಗತಿಯಿಲ್ಲ.

ಈಗ ನಿಮ್ಮ ಮೆಸೇಜಿನ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಆಫೀಸುಗಳಿಂದ ಬರುವುದು ಇಂಥದ್ದು: ಆಫೀಸ್ ತೆರೆದಿರುತ್ತದೆ, ನಿಮ್ಮ ಸುರಕ್ಷತೆ ಮುಖ್ಯ, ಬರುವುದು ಬಿಡುವುದು ನಿಮ್ಮ ವಿವೇಚನೆಗೆ ಬಿಟ್ಟಿದ್ದು. ಓದಲು ಸೌಜನ್ಯವಾಗಿದೆ. ಇಪ್ಪತ್ತು ವರ್ಷ ಇಲ್ಲಿದ್ದು, ಸಿಟಿಜನ್ ಆಗಿ, ಮನೆ ಕೊಂಡವರಿಗೆ ಅದು ಸಾಕು. ಅವರು ಆರಾಮಾಗಿ ಮನೆಯಲ್ಲಿ ಉಳಿಯುತ್ತಾರೆ. ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ಹುಡುಗಿಯ ಜಾಗದಲ್ಲಿ ನಿಂತು ಅದನ್ನೇ ಓದಿ ನೋಡಿ. ಕೆಲಸ ಹೋದರೆ ಅವಳಿಗೆ ಇರುವುದು ಹೆಚ್ಚೆಂದರೆ 60 ದಿನದ ಗಡುವು. ಅಷ್ಟರಲ್ಲಿ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಗಂಟೆ ಲೆಕ್ಕದಲ್ಲಿ ಟೈಮ್‌ಶೀಟ್ ತುಂಬುವ ಕಾಂಟ್ರಾಕ್ಟ್ ಹುಡುಗನ ಜಾಗದಲ್ಲಿ ನಿಂತು ಓದಿ. ‘ಆಫೀಸ್ ತೆರೆದಿರುತ್ತದೆ’ ಎಂಬುದು ಮಾತ್ರ ಅವರ ಕಣ್ಣಿಗೆ ಬೀಳುತ್ತದೆ. ಕ್ಲೈಂಟ್ ಏನೆಂದುಕೊಳ್ಳುತ್ತಾರೆ, ಬೇರೆ ಯಾರೆಲ್ಲ ಬರುತ್ತಾರೆ, ನಾನೊಬ್ಬಳೇ ಬರದಿದ್ದರೆ ಮುಂದಿನ ರಿವ್ಯೂನಲ್ಲಿ ಏನಾಗುತ್ತದೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಾರೆ. ಕೊನೆಗೆ ಬರುತ್ತಾರೆ. ಸವೆದ ಟೈರಿನ ಹಳೇ ಕಾರಿನಲ್ಲಿ, ಐಸ್ ಮೇಲೆ ಒಮ್ಮೆಯೂ ಓಡಿಸದ ಕೈಯಲ್ಲಿ ಬರುತ್ತಾರೆ.

ನಾವು ನಮ್ಮವರ ನಡುವೆ ಬೆಳೆದ ಕ್ರಮ ನಿಮಗೆ ಗೊತ್ತು. ದೊಡ್ಡವರು ‘ನಿನ್ನಿಷ್ಟ’ ಎಂದರೆ ಕಿರಿಯರು ಅದನ್ನು ರಜೆ ಎಂದುಕೊಳ್ಳುವುದಿಲ್ಲ, ಪರೀಕ್ಷೆ ಎಂದುಕೊಳ್ಳುತ್ತಾರೆ. ಇಲ್ಲಿ ಹುಟ್ಟಿ ಬೆಳೆದ ಮ್ಯಾನೇಜರ್‌ಗೆ ಇದು ಹೊಳೆಯದಿರಬಹುದು. ನಿಮಗೆ ಹೊಳೆಯುತ್ತದೆ. ಅದಕ್ಕೇ ಈ ಪತ್ರವನ್ನು ಕಂಪನಿಗಳಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೀಗೆ ಬರೆದರೆ ಸಾಕು: “ನಾಳೆ ನಮ್ಮ ತಂಡದ ಯಾರೂ ಆಫೀಸಿಗೆ ಬರಬೇಡಿ. ಇದು ನನ್ನ ತೀರ್ಮಾನ. ಮನೆಯಿಂದ ಆದಷ್ಟು ಕೆಲಸ ಮಾಡಿ. ಕರೆಂಟ್ ಹೋದರೆ, ಮಕ್ಕಳು ಮನೆಯಲ್ಲಿದ್ದು ಆಗದಿದ್ದರೆ ಚಿಂತೆ ಬೇಡ. ಕಾಂಟ್ರಾಕ್ಟ್‌ನಲ್ಲಿ ಇರುವವರ ಟೈಮ್‌ಶೀಟ್ ಬಗ್ಗೆ ಕ್ಲೈಂಟ್ ಹತ್ತಿರ ನಾನೇ ಮಾತಾಡುತ್ತೇನೆ.” ‘ನನ್ನ ತೀರ್ಮಾನ’ ಎಂದು ನೀವು ಬರೆದಾಗ ಒಂದು ಭಾರ ಅವರ ತಲೆಯಿಂದ ಇಳಿದು ನಿಮ್ಮ ತಲೆಗೆ ಬರುತ್ತದೆ. ಆ ಭಾರ ಹೊರಲು ನಿಮಗೆ ಸ್ಥಾನ ಇದೆ, ಸಂಬಳ ಇದೆ, ಗ್ರೀನ್ ಕಾರ್ಡೂ ಇರಬಹುದು. ಕೊನೆಯ ವಾಕ್ಯವನ್ನು ಮಾತ್ರ ಬರೆದು ಮರೆಯಬೇಡಿ. ಕ್ಲೈಂಟ್ ಹತ್ತಿರ ನಿಜಕ್ಕೂ ಮಾತಾಡಿ.

ಸ್ನೋ ಬರದೇ ಹೋದರೆ? ಈ ಪ್ರಶ್ನೆ ನಿಮ್ಮ ಮೇಲಿನವರು ಕೇಳಿಯೇ ಕೇಳುತ್ತಾರೆ. 2019ರ ಜನವರಿ 29ರಂದು ಹಾಗೇ ಆಯಿತು. ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೋಲ್ ನಡೆಯುವ ವಾರ, ಊರಿನ ತುಂಬ ಹೊರಗಿನ ಜನ. ಶಾಲೆಗಳು ಮುಚ್ಚಿದವು, ಸರ್ಕಾರಿ ಕಚೇರಿಗಳು ಮುಚ್ಚಿದವು. ಅಟ್ಲಾಂಟಾದಲ್ಲಿ ಹೇಳಿಕೊಳ್ಳುವಂಥ ಸ್ನೋ ಬೀಳಲೇ ಇಲ್ಲ. ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಒಂದು ದಿನದ ಕೆಲಸ ಮನೆಯಿಂದ ನಡೆಯಿತು, ಇಲ್ಲವೇ ಮರುದಿನ ನಡೆಯಿತು. ಅಟ್ಲಾಂಟಾದಲ್ಲಿ ವರ್ಷಕ್ಕೆ ಸರಾಸರಿ ಬೀಳುವುದೇ ಸುಮಾರು 2 ಇಂಚು. ಕೆಲವು ವರ್ಷ ಒಂದು ಚೂರೂ ಇರುವುದಿಲ್ಲ. ಇಂಥ ತೀರ್ಮಾನ ನೀವು ಮಾಡಬೇಕಾಗಿ ಬರುವುದು ವರ್ಷಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ. ಅಷ್ಟಕ್ಕೂ ನೂರಾರು ಹಿಮದ ಲಾರಿ ಕೊಂಡಿಟ್ಟುಕೊಳ್ಳುವುದು ಈ ಊರಿಗೆ ಲಾಭವಲ್ಲ ಎಂದು ನಾವೇ ಒಪ್ಪಿದ್ದೇವೆ. ಲಾರಿ ಬೇಡ ಎಂದ ಮೇಲೆ ಮನೆಯಲ್ಲಿ ಉಳಿಯುವುದನ್ನಾದರೂ ಒಪ್ಪಬೇಕಲ್ಲ.

ರಿಲೀಸ್ ಇದೆ, ಪ್ರೊಡಕ್ಷನ್ ಇಶ್ಯೂ ಇದೆ ಎನ್ನುತ್ತೀರಿ. ಕೋವಿಡ್ ಕಾಲದಲ್ಲಿ ಎರಡು ವರ್ಷ ಅದೆಲ್ಲ ಮನೆಯಿಂದಲೇ ನಡೆಸಿದ ತಂಡಗಳು ನಮ್ಮವೇ. ಇದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಮನೆಯಿಂದ ಮಾಡಲಾಗದ ಕೆಲಸದವರ ಬಗ್ಗೆ ಮಾತ್ರ ಹೇಳಲೇಬೇಕು. 2021ರ ಫೆಬ್ರವರಿ 11ರಂದು ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ, ಬೆಳಿಗ್ಗೆ ಆರರ ಸುಮಾರಿಗೆ, ಐ-35 ವೆಸ್ಟ್ ಮೇಲೆ ಬ್ಲ್ಯಾಕ್ ಐಸ್‌ನಿಂದ 130ಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಹೊಡೆದವು. ಆರು ಜನ ಸತ್ತರು. ಸಿಕ್ಕಿಕೊಂಡವರಲ್ಲಿ ಬಹಳಷ್ಟು ಜನ ಆಸ್ಪತ್ರೆ ಮತ್ತಿತರ ಅಗತ್ಯ ಸೇವೆಯವರು, ಬೆಳಗಿನ ಶಿಫ್ಟಿಗೆ ಹೊರಟವರು. ಆಸ್ಪತ್ರೆ ನಡೆಯಲೇಬೇಕು, ಅವರು ಹೋಗಲೇಬೇಕು. ಆದರೆ ನಿಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಕಾಫಿ ಕೊಡುವವರು, ಕಸ ಗುಡಿಸುವವರು, ಬಾಗಿಲಲ್ಲಿ ನಿಲ್ಲುವ ಸೆಕ್ಯುರಿಟಿಯವರು ಬರುವುದು ನೀವು ಬರುತ್ತೀರೆಂದು. ಕಟ್ಟಡ ತೆರೆದಿದ್ದರೆ ಅವರು ಬರಬೇಕು. ಬರದಿದ್ದರೆ ಅವರ ದಿನದ ಸಂಬಳ ಹೋಗುತ್ತದೆ. ನಿಮ್ಮ ತಂಡವೊಂದನ್ನೇ ಮನೆಯಲ್ಲಿ ಉಳಿಸಿಕೊಂಡು ಕಟ್ಟಡ ತೆರೆದಿಟ್ಟರೆ ಅರ್ಧ ಕೆಲಸವಾದ ಹಾಗೆ. ನಿಮ್ಮ ಮಾತು ಮೇಲೆ ನಡೆಯುವಷ್ಟು ಹಿರಿಯರು ನೀವಾಗಿದ್ದರೆ, ಕಟ್ಟಡವನ್ನೇ ಮುಚ್ಚಿಸಿ. ಅವರ ಆ ದಿನದ ಕೂಲಿ ಕೊಡುವಂತೆ ಹೇಳಿಸಿ.

ಇಷ್ಟೆಲ್ಲ ಮಾಡಿದರೂ ಮುನ್ಸೂಚನೆ ತಪ್ಪಿ, ಹಗಲಿನಲ್ಲಿ ಏಕಾಏಕಿ ಶುರುವಾಗಬಹುದು. ಆಗ ನೀವು ಮಾಡಬೇಕಾದದ್ದು ಎಲ್ಲರನ್ನೂ ಒಟ್ಟಿಗೆ ಹೊರಗೆ ಕಳಿಸುವುದಲ್ಲ. ಮೊದಲು ಚಿಕ್ಕ ಮಕ್ಕಳಿರುವವರನ್ನು, ದೂರದಲ್ಲಿರುವವರನ್ನು ತಕ್ಷಣ ಬಿಡಿ. ಉಳಿದವರನ್ನು ಒಳಗೇ ಇರಲು ಹೇಳಿ. ರಸ್ತೆ ಕಟ್ಟಿಕೊಂಡಿದೆ ಎಂದು ಮ್ಯಾಪ್ ಕೆಂಪಾಗಿ ತೋರಿಸುತ್ತಿದ್ದರೆ ಯಾರನ್ನೂ ಬಿಡಬೇಡಿ. ಬೆಚ್ಚಗಿನ ಆಫೀಸಿನಲ್ಲಿ ಕುರ್ಚಿ ಜೋಡಿಸಿ ಮಲಗುವುದು ಹೈವೇ ಮೇಲೆ ಕೂರುವುದಕ್ಕಿಂತ ಸಾವಿರ ಪಾಲು ವಾಸಿ. 2014ರಲ್ಲಿ ಹಾಗೆ ಉಳಿದವರು ಮರುದಿನ ಹಗಲಲ್ಲಿ ಮನೆಗೆ ಹೋದರು. ಆಫೀಸಿನಲ್ಲಿ ನೀರು, ಬ್ರೆಡ್ಡು, ಒಂದಿಷ್ಟು ಕಂಬಳಿ ಇಟ್ಟಿರಿ. ಡಯಾಬಿಟಿಸ್, ಬಿಪಿ ಇರುವವರು ಒಂದೆರಡು ದಿನದ ಮಾತ್ರೆ ಬ್ಯಾಗಿನಲ್ಲೇ ಇಟ್ಟುಕೊಂಡಿರಲಿ.

ಹೊಸಬರಿಗೆ ನೀವೇ ಕೂರಿಸಿಕೊಂಡು ಕೆಲವು ಮಾತು ಹೇಳಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಕಾರಿನಲ್ಲಿ ಜಾಕೆಟ್, ಗಟ್ಟಿ ಶೂ, ಫೋನ್ ಚಾರ್ಜರ್, ನೀರು, ಚಕ್ಕುಲಿಯೋ ಕಡಲೆಬೀಜವೋ ಏನಾದರೂ ಇರಲಿ. ಸೇತುವೆಗಳು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ, ಕೆಳಗಿನಿಂದಲೂ ಗಾಳಿ ಹೊಡೆಯುವುದರಿಂದ. ಕಾರು ಜಾರಿದರೆ ಬ್ರೇಕ್ ಗಟ್ಟಿಯಾಗಿ ಒತ್ತಬಾರದು. ಸಿಕ್ಕಿಕೊಂಡರೆ ಹೊಗೆ ಕೊಳವೆಗೆ ಹಿಮ ಮುಚ್ಚಿಲ್ಲ ಎಂದು ಮೊದಲು ಇಳಿದು ನೋಡಿ, ಆಮೇಲೆ ಇಂಜಿನ್ ಬಿಟ್ಟುಬಿಟ್ಟು ಸ್ವಲ್ಪ ಹೊತ್ತು ಹಚ್ಚಬೇಕು. ಹೊಗೆ ಒಳಗೆ ಬಂದರೆ ಪ್ರಾಣಕ್ಕೇ ಅಪಾಯ. ಅಂಗಡಿಯೋ ಮನೆಯೋ ಕಣ್ಣಿಗೆ ಕಾಣುವಷ್ಟು ಹತ್ತಿರ ಇಲ್ಲದಿದ್ದರೆ ಕಾರು ಬಿಟ್ಟು ನಡೆಯಬಾರದು. ಮುಖ್ಯವಾಗಿ, ಗುರುತಿಲ್ಲದವರ ಮನೆ ಬಾಗಿಲು ತಟ್ಟಲು ಸಂಕೋಚ ಪಡಬಾರದು. ನಮ್ಮ ಹುಡುಗರಿಗೆ ಈ ಸಂಕೋಚ ಜಾಸ್ತಿ. ಆವತ್ತು ಬಾಗಿಲು ತೆರೆದವರೇ ಹೆಚ್ಚು.

ಕೊನೆಯದಾಗಿ ಒಂದು ಕೆಲಸ. ಈ ನವೆಂಬರ್ ಮುಗಿಯುವುದರೊಳಗೆ ನಿಮ್ಮ ತಂಡದ ಪ್ರತಿಯೊಬ್ಬರನ್ನೂ ಕೇಳಿ: ಎಲ್ಲಿಂದ ಬರುತ್ತೀರಿ, ಮನೆಯಲ್ಲಿ ಯಾರಿದ್ದಾರೆ, ಊರಿನಿಂದ ಬಂದ ಅಪ್ಪ ಅಮ್ಮ ಇದ್ದಾರಾ, ಮಕ್ಕಳನ್ನು ಶಾಲೆಯಿಂದ ಕರೆತರಲು ನಿಮ್ಮನ್ನು ಬಿಟ್ಟರೆ ಬೇರೆ ಯಾರ ಹೆಸರು ಕೊಟ್ಟಿದ್ದೀರಿ. ಆ ಬೇರೆ ಹೆಸರು ಇಲ್ಲದವರು ಹೊಸಬರಲ್ಲಿ ಬಹಳ ಜನ ಸಿಗುತ್ತಾರೆ. ಅವರ ಮನೆ ಹತ್ತಿರ ಇರುವ ಇನ್ನೊಂದು ಕನ್ನಡದ ಕುಟುಂಬವನ್ನು ಹುಡುಕಿ ಜೋಡಿ ಮಾಡಿಕೊಡಿ. ಇಲ್ಲಿನ ಕನ್ನಡ ಕೂಟದ ಪರಿಚಯ ನಿಮಗಿರುತ್ತದೆ, ಅವರಿಗಿರುವುದಿಲ್ಲ. ಶಾಲೆಗೆ ಕೊಡುವ ಫಾರಂನಲ್ಲಿ ಅವರ ಹೆಸರು ಮತ್ತು ಫೋನ್ ನಂಬರ್ ಸೇರಿಸಲು ಹೇಳಿ.

ವಿಶ್ವಾಸದಿಂದ,
ನಿಮ್ಮ ಹಾಗೇ ಜಿಎ-400ರಲ್ಲಿ ದಿನಾ ಓಡಾಡುವ ಒಬ್ಬ ಕನ್ನಡಿಗ
ಆಲ್ಫರೆಟ್ಟಾ, ಜಾರ್ಜಿಯಾ